ಮಂಗನ ಹಿಂದೆ ಓಡಬೇಡ, ಬಾಳೆಯ ಹತ್ತಿರ ನಿಲ್ಲು: ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ ಪಾಸ್ ತಡೆಯುವ ಪಾಠ



ನಮ್ಮ ಶಾಲೆಯ ಪತ್ರಿಕೆಯಲ್ಲಿ ಪ್ರತಿ ವರ್ಷ ಕಥೆ, ಗಾದೆ, ಒಗಟು, ಊರಿಗೆ ಹೋಗಿ ಬಂದ ಪ್ರವಾಸದ ಲೇಖನ ಇದ್ದೇ ಇರುತ್ತೆ. ಈ ಸಲ ನಾನು ಒಂದು ಆಟದ ಪಾಠ ಬರೀತಾ ಇದ್ದೀನಿ. ಆಟದ ಹೆಸರು ಫ್ಲ್ಯಾಗ್ ಫುಟ್‌ಬಾಲ್. ಅಮೆರಿಕನ್ ಫುಟ್‌ಬಾಲ್‌ನ ತಮ್ಮ ಅಂತ ಇಟ್ಕೊಳ್ಳಿ. ಅಣ್ಣನ ಆಟದಲ್ಲಿ ಹೆಲ್ಮೆಟ್ ಹಾಕ್ಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೀತಾರೆ. ತಮ್ಮನ ಆಟದಲ್ಲಿ ಯಾರೂ ಯಾರನ್ನೂ ಬೀಳಿಸುವ ಹಾಗಿಲ್ಲ. ಸೊಂಟದ ಬೆಲ್ಟ್‌ಗೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಸಾಕು, ಓಟ ಅಲ್ಲಿಗೆ ನಿಂತಿತು.

"ಇದಕ್ಕೂ ಕನ್ನಡ ಶಾಲೆಗೂ ಏನು ಸಂಬಂಧ?" ಅಂತ ಕೇಳ್ತೀರಾ? ಸ್ವಲ್ಪ ತಾಳಿ, ಕೊನೆಯಲ್ಲಿ ಕನ್ನಡವೂ ಮೈದಾನಕ್ಕೆ ಇಳಿಯುತ್ತೆ.

ಆ ದಿನ ನಡೆದದ್ದು

ನಮ್ಮ ಮನೆ ಕ್ಲೆಮೆಂಟಿಯಲ್ಲಿ. ಬ್ಲಾಕ್‌ನ ಪಕ್ಕದ ಹುಲ್ಲಿನ ಬಯಲಿನಲ್ಲಿ ಶನಿವಾರ ಸಂಜೆ ಹತ್ತಾರು ಮಕ್ಕಳು ಸೇರಿ ಆಡ್ತಾರೆ. ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳ ತಂಡ 13-12ರಿಂದ ಮುಂದಿತ್ತು. ಕೊನೆಯ ಒಂದೇ ಒಂದು ಪಾಸ್ ಬಾಕಿ. ಇವಳು ಹಿಂದೆ ಬಲಗಡೆ ಕಾಯ್ತಾ ಇದ್ದಳು.

ಎದುರು ತಂಡದ ಒಬ್ಬ ಹುಡುಗ ಐದು ಹೆಜ್ಜೆ ಓಡಿ ಬಂದು, ಗಕ್ಕನೆ ತಿರುಗಿ, ಎರಡೂ ಕೈ ಎತ್ತಿ "ನನಗೆ, ನನಗೆ!" ಅಂತ ಕೂಗಿದ. ಮಗಳು ಅವನ ಕಡೆ ನುಗ್ಗಿದಳು. ಚೆಂಡು ಅವಳ ತಲೆಯ ಮೇಲಿಂದ ಹಾರಿ ಹೋಯ್ತು. ಹಿಂದೆ ಇನ್ನೊಬ್ಬ ಉದ್ದನೆಯ ಹುಡುಗ ಒಬ್ಬನೇ ನಿಂತು ಹಿಡಿದ. ಆರು ಪಾಯಿಂಟ್. 18-13. ಆಟ ಮುಗಿಯಿತು.

ತಂಡದ ಒಂದಿಬ್ಬರು ಅವಳ ಕಡೆ ನೋಡಿದ ನೋಟ ನನಗೂ ಕಾಣಿಸಿತು. ಅವಳು ಮಾತಾಡಲಿಲ್ಲ. 448 ಮಾರ್ಕೆಟ್‌ನಲ್ಲಿ ಅವಳಿಗೆ ಇಷ್ಟವಾದ ಕಬ್ಬಿನ ಹಾಲು ಕೊಡಿಸಿದೆ, ಅರ್ಧಕ್ಕೇ ಬಿಟ್ಟಳು. ಆಮೇಲೆ ನಿಧಾನವಾಗಿ ಹೇಳಿದಳು: "ಅಪ್ಪಾ, ನಾನು ನನ್ನ ಹುಡುಗನನ್ನ ಸರಿಯಾಗೇ ಹಿಡ್ಕೊಂಡಿದ್ದೆ. ಆ ಇನ್ನೊಬ್ಬ ನನ್ನವನಲ್ಲ. ನಾನು ಇನ್ನು ಮೇಲೆ ಆಡಲ್ಲ."

ನಾನು ಸಾಫ್ಟ್‌ವೇರ್ ಇಂಜಿನಿಯರ್. ರಾತ್ರಿ ಎರಡು ಗಂಟೆಗೆ ಏನೋ ಕೆಟ್ಟು ನಿಂತಾಗ "ಯಾರ ತಪ್ಪು?" ಅಂತ ಕೇಳಿದರೆ ಬೆಳಗಾದರೂ ಸರಿಹೋಗಲ್ಲ. "ಎಲ್ಲಿ ಖಾಲಿ ಬಿಟ್ಟಿದ್ವಿ?" ಅಂತ ಕೇಳಬೇಕು. ಮನೆಗೆ ಬಂದು ಊಟದ ಮೇಜಿನ ಮೇಲೆ ಒಂದು ಹಾಳೆ ಹರಡಿದೆ. ನಮ್ಮ ತಂಡಕ್ಕೆ ಹುಣಸೆ ಬೀಜ, ಎದುರು ತಂಡಕ್ಕೆ ಹತ್ತು ಸೆಂಟ್ ನಾಣ್ಯ. ಅವತ್ತು ನಾವಿಬ್ಬರೂ ಕಲಿತದ್ದೇ ಈ ಪಾಠ.

ಮೊದಲು ಆಟದ ನಿಯಮ, ಚುಟುಕಾಗಿ

ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಒಂದೊಂದು ತಂಡಕ್ಕೆ ಐದು ಜನ. ಮೈದಾನದ ಅಗಲ 25 ಗಜ, ಉದ್ದ 50 ಗಜ. ಎರಡು ತುದಿಯಲ್ಲೂ ಹತ್ತತ್ತು ಗಜದ ಪಾಯಿಂಟ್ ಗಳಿಸುವ ಜಾಗ. ಒಂದು ಗಜ ಅಂದರೆ ಮೂರು ಅಡಿ, ಒಂದು ಮೀಟರ್‌ಗಿಂತ ಸ್ವಲ್ಪ ಕಡಿಮೆ. ಚೆಂಡು ಇರುವ ತಂಡಕ್ಕೆ ಅರ್ಧ ಮೈದಾನ ದಾಟಲು ನಾಲ್ಕು ಅವಕಾಶ, ದಾಟಿದ ಮೇಲೆ ಪಾಯಿಂಟ್ ಗಳಿಸಲು ಮತ್ತೆ ನಾಲ್ಕು. ಚೆಂಡು ಎಸೆಯುವವರನ್ನು ಕ್ವಾರ್ಟರ್‌ಬ್ಯಾಕ್ ಅಂತಾರೆ. ಉಳಿದ ನಾಲ್ವರೂ ಓಡಿ ಹೋಗಿ ಹಿಡಿಯಬಹುದು. ಕಾಯುವ ತಂಡದಲ್ಲಿ ಒಬ್ಬರು ಆಟ ಶುರುವಾಗುವ ಗೆರೆಯಿಂದ 7 ಗಜ ಹಿಂದೆ ನಿಂತು, ಶುರುವಾದ ಕೂಡಲೇ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಬಹುದು. ಹಾಗಾದರೆ ಕಾಯಲು ಉಳಿದವರು ನಾಲ್ವರು.

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆಯಲ್ಲಿ ಈ ಆಟವನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿಸಿದರು. ಅದೇ ಸಭೆಯಲ್ಲಿ ನಮ್ಮ ಕ್ರಿಕೆಟ್‌ಗೂ ಒಪ್ಪಿಗೆ ಸಿಕ್ಕಿತು.

ಆಳನ್ನು ಕಾಯುವುದು, ಜಾಗವನ್ನು ಕಾಯುವುದು

ಪಾಸ್ ತಡೆಯಲು ಎರಡು ದಾರಿ ಇದೆ.

ಒಂದು, ಆಳಿಗೆ ಆಳು. "ನೀನು ಕೆಂಪು ಟೋಪಿಯವನನ್ನ ನೋಡ್ಕೋ, ಅವನು ಎಲ್ಲಿ ಹೋದರೂ ಹೋಗು." ಅರ್ಥ ಮಾಡ್ಕೊಳ್ಳೋಕೆ ಸುಲಭ. ಆದರೆ ಅವನು ನಿಮಗಿಂತ ಜೋರಾಗಿ ಓಡಿದರೆ ಕಥೆ ಮುಗೀತು. ಅವನ ಹಿಂದೆ ಓಡುವಾಗ ನಿಮ್ಮ ಬೆನ್ನು ಕ್ವಾರ್ಟರ್‌ಬ್ಯಾಕ್ ಕಡೆಗೆ ಇರುತ್ತೆ, ಚೆಂಡು ಯಾವಾಗ ಬಂತು ಅಂತಲೇ ಕಾಣಲ್ಲ.

ಎರಡು, ಜಾಗಕ್ಕೆ ಆಳು. ಇದಕ್ಕೆ ಜೋನ್ ಅಂತಾರೆ. ಮೈದಾನವನ್ನು ಹೊಲದ ಪಟ್ಟಿಗಳ ಹಾಗೆ ಹಂಚಿಕೊಂಡು, ಒಬ್ಬೊಬ್ಬರು ಒಂದೊಂದು ಪಟ್ಟಿ ನೋಡ್ಕೊಳ್ತಾರೆ. ನಿಮ್ಮ ಪಟ್ಟಿಗೆ ಯಾರು ಬಂದರೂ ಅವರು ನಿಮ್ಮವರು. ಬಿಟ್ಟು ಹೋದರೆ ಪಕ್ಕದವರ ಪಾಲು. ನಿಮ್ಮ ಮುಖ ಯಾವಾಗಲೂ ಚೆಂಡಿನ ಕಡೆಗೆ.

ನನ್ನ ಅಜ್ಜಿಯ ಮನೆ ಸಾಗರದ ಹತ್ತಿರ. ಅಡಿಕೆ ತೋಟದ ನಡುವೆ ಬಾಳೆ. ಬೇಸಿಗೆ ರಜೆಯಲ್ಲಿ ಮಂಗ ಕಾಯೋದು ನಮ್ಮ ಕೆಲಸ. ಬುಕಿಟ್ ತಿಮಾ ಕಡೆ ನೀವು ನೋಡಿರುವ ಮಂಗಗಳಿಗಿಂತ ಆ ಮಂಗಗಳು ಏನೂ ಕಡಿಮೆ ಚುರುಕಲ್ಲ. ಒಂದು ಮಂಗ ಬೇಲಿಯ ಮೇಲೆ ಬಂದು, ನಮ್ಮ ಎದುರಿಗೇ ಕೂತು, ಹಲ್ಲು ಕಿರಿಯುತ್ತಿತ್ತು. ನಾವು ಕವಣೆ ಹಿಡಿದು ಅದರ ಹಿಂದೆ ಓಡ್ತಾ ಇದ್ವಿ. ತಿರುಗಿ ಬರುವಷ್ಟರಲ್ಲಿ ಉಳಿದ ಮಂಗಗಳು ಬಾಳೆಗೊನೆಯ ಅರ್ಧ ಮುಗಿಸಿರುತ್ತಿದ್ದವು. ಅಜ್ಜಿ ಬೈದದ್ದು ಇನ್ನೂ ನೆನಪಿದೆ: "ಮಂಗನ ಹಿಂದೆ ಓಡಬೇಡ್ವೋ, ಬಾಳೆ ಹತ್ರ ನಿಲ್ಲು!"

ಜೋನ್ ಅಂದರೆ ಇಷ್ಟೇ. "ಆ ಇನ್ನೊಬ್ಬ ನನ್ನವನಲ್ಲ" ಅಂತ ಮಗಳು ಹೇಳಿದಳಲ್ಲ, ಆಳಿಗೆ ಆಳು ಆಟದಲ್ಲಿ ಆ ಮಾತು ಸರಿ. ಆದರೆ ಅವತ್ತು ಅವರ ತಂಡ ಆಡ್ತಾ ಇದ್ದದ್ದು ಜೋನ್. ಅಲ್ಲಿ "ನನ್ನ ಹುಡುಗ" ಅಂತ ಯಾರೂ ಇಲ್ಲ. "ನನ್ನ ಜಾಗ" ಮಾತ್ರ ಇದೆ.

ಓಡುವ ದಾರಿಗಳಿಗೆ ನಂಬರ್ ಇದೆ

ಚೆಂಡು ಹಿಡಿಯುವವರು ಮನಸ್ಸಿಗೆ ಬಂದ ಹಾಗೆ ಓಡಲ್ಲ. ಪ್ರತಿ ಓಟಕ್ಕೂ ಮೊದಲೇ ಗೊತ್ತು ಮಾಡಿದ ದಾರಿ ಇರುತ್ತೆ, ಅದಕ್ಕೆ ರೂಟ್ ಅಂತ ಹೆಸರು. ಬಹಳ ಕೋಚ್‌ಗಳು ಈ ದಾರಿಗಳಿಗೆ ನಂಬರ್ ಕೊಡ್ತಾರೆ. ಎಲ್ಲರ ಪಟ್ಟಿಯೂ ಒಂದೇ ಅಲ್ಲ, ಆದರೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಹೀಗೆ:

2 – ಸ್ಲ್ಯಾಂಟ್: ಎರಡು ಮೂರು ಹೆಜ್ಜೆ ಮುಂದೆ, ಆಮೇಲೆ ಓರೆಯಾಗಿ ಒಳಕ್ಕೆ.
4 – ಕರ್ಲ್: ಮುಂದೆ ಓಡಿ, ಗಕ್ಕನೆ ತಿರುಗಿ ಚೆಂಡಿಗೆ ಮುಖ ಮಾಡಿ ನಿಲ್ಲುವುದು.
5 – ಔಟ್: ಮುಂದೆ ಓಡಿ, ನೇರ ಅಂಚಿನ ಗೆರೆಯ ಕಡೆಗೆ.
6 – ಇನ್: ಮುಂದೆ ಓಡಿ, ನೇರ ಮಧ್ಯದ ಕಡೆಗೆ.
7 – ಕಾರ್ನರ್: ದೂರ ಓಡಿ, ಓರೆಯಾಗಿ ಹೊರಗಿನ ಮೂಲೆಗೆ.
8 – ಪೋಸ್ಟ್: ದೂರ ಓಡಿ, ಓರೆಯಾಗಿ ಒಳಕ್ಕೆ. ದೊಡ್ಡ ಮೈದಾನದಲ್ಲಿ ಮಧ್ಯದಲ್ಲಿರುವ ಗೋಲ್ ಕಂಬದ ಕಡೆಗೆ ಓಡುವುದರಿಂದ ಈ ಹೆಸರು.
9 – ಗೋ: ಮೂಗಿನ ನೇರಕ್ಕೆ, ತಿರುಗದೆ.

ಒಂದು ಗುಟ್ಟು ಗಮನಿಸಿ. 9ನ್ನು ಬಿಟ್ಟರೆ, ಸಮಸಂಖ್ಯೆಯ ದಾರಿಗಳು ಮೈದಾನದ ಒಳಕ್ಕೆ, ಬೆಸಸಂಖ್ಯೆಯವು ಹೊರಕ್ಕೆ. ಸಣ್ಣ ನಂಬರ್ ಅಂದರೆ ಹತ್ತಿರ, ದೊಡ್ಡ ನಂಬರ್ ಅಂದರೆ ದೂರ. ಮಗ್ಗಿಗಿಂತ ಸುಲಭ.

ಕಾಯುವವರಿಗೆ ಇದು ಯಾಕೆ ಬೇಕು? ನಿಮ್ಮ ಜಾಗಕ್ಕೆ ಯಾರು, ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಬರಬಹುದು ಅಂತ ಮೊದಲೇ ಊಹಿಸೋಕೆ.

ಜಾಗ ಹಂಚುವ ಲೆಕ್ಕ

ದೊಡ್ಡ ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಂಡಕ್ಕೆ 11 ಜನ, ಮೈದಾನದ ಅಗಲ 160 ಅಡಿ, ಅಂದರೆ 53 ಗಜಕ್ಕೂ ಸ್ವಲ್ಪ ಹೆಚ್ಚು. ಅಲ್ಲಿ "ಕವರ್ 2", "ಕವರ್ 3" ಅಂತ ಮಾತಾಡ್ತಾರೆ. ಆ ಅಂಕಿ ಹೇಳುವುದು ತೀರಾ ಹಿಂದೆ, ಆಳದಲ್ಲಿ ಎಷ್ಟು ಜನ ಕಾಯ್ತಾರೆ ಅಂತ. ಕವರ್ 2 ಅಂದರೆ ಹಿಂದೆ ಇಬ್ಬರು, ಅರ್ಧರ್ಧ. ಕವರ್ 3 ಅಂದರೆ ಮೂವರು, ಮೂರನೇ ಒಂದೊಂದು ಪಾಲು. ಹಿಂದೆ ಹೆಚ್ಚು ಜನ ನಿಂತರೆ ದೂರದ ಪಾಸ್ ಕಷ್ಟ, ಹತ್ತಿರದ ಪಾಸ್ ಸುಲಭ. ಹಿಂದೆ ಕಡಿಮೆ ಜನ ಇದ್ದರೆ ಉಲ್ಟಾ. ಎಲ್ಲಾ ಕಡೆ ಬಿಗಿ ಮಾಡೋಕೆ ಆಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ನಮ್ಮ ಮಕ್ಕಳ ತಂಡ ಆಡೋದು "ಮುಂದೆ ಇಬ್ಬರು, ಹಿಂದೆ ಇಬ್ಬರು". ಹಾಗಾದರೆ ಹಿಂದಿನ ಒಬ್ಬೊಬ್ಬರ ಪಾಲಿಗೆ ಹನ್ನೆರಡೂವರೆ ಗಜ ಅಗಲ, ಅಂದರೆ ಸುಮಾರು 11.4 ಮೀಟರ್. ಮಧ್ಯದಲ್ಲಿ ನಿಂತರೆ ಎಡಕ್ಕೆ 5.7, ಬಲಕ್ಕೆ 5.7.

ಇದು ಸಾಕಾ? ನಾನು ಮತ್ತು ಮಗಳು ಫೋನಿನ ಸ್ಟಾಪ್‌ವಾಚ್ ಹಿಡಿದು ಅಳೆದೆವು. ಇಪ್ಪತ್ತು ಗಜದ ಪಾಸ್ ಗಾಳಿಯಲ್ಲಿ ಸುಮಾರು ಒಂದೂವರೆ ಸೆಕೆಂಡ್ ಇರುತ್ತೆ. ಅವಳು ಸೆಕೆಂಡ್‌ಗೆ ಸುಮಾರು 5 ಮೀಟರ್ ಓಡ್ತಾಳೆ. ಆದರೆ ಚೆಂಡು ನೋಡಿ, ತಿರುಗಿ, ಕಾಲು ಎತ್ತೋಕೆ ಅರ್ಧ ಸೆಕೆಂಡ್ ಹೋಗುತ್ತೆ. ಉಳಿದ ಒಂದು ಸೆಕೆಂಡ್‌ನಲ್ಲಿ 5 ಮೀಟರ್. ಬೇಕಾದದ್ದು 5.7. ಮುಕ್ಕಾಲು ಮೀಟರ್ ಕಡಿಮೆ ಬಿತ್ತು!

ಈ ಮುಕ್ಕಾಲು ಮೀಟರ್ ಎಲ್ಲಿಂದ ತರೋದು? ಜಾಸ್ತಿ ಜೋರಾಗಿ ಓಡಿ ಅಲ್ಲ, ಮೊದಲೇ ಓಡೋಕೆ ಶುರು ಮಾಡಿ. ಕ್ವಾರ್ಟರ್‌ಬ್ಯಾಕ್‌ನ ಭುಜ ಯಾವ ಕಡೆ ತಿರುಗಿತು ಅಂತ ನೋಡಿ ಅರ್ಧ ಸೆಕೆಂಡ್ ಮುಂಚೆ ಹೊರಟರೆ ಇನ್ನೂ ಎರಡೂವರೆ ಮೀಟರ್ ಸಿಗುತ್ತೆ. ಇದೇ ಕಾರಣಕ್ಕೆ ಜೋನ್‌ನಲ್ಲಿ ಕಾಲಿಗಿಂತ ಕಣ್ಣು ಮುಖ್ಯ. ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವ ಮಗು ಕೂಡ ಒಳ್ಳೆಯ ಕಾವಲುಗಾರ ಆಗಬಹುದು.

ನಾಲ್ಕು ಸೂತ್ರ

ಒಂದು: ದೂರದವನು ಮೊದಲು. ನಿಮ್ಮ ಜಾಗದಲ್ಲಿ ಇಬ್ಬರು ಇದ್ದಾರೆ, ಒಬ್ಬ ಹತ್ತಿರ, ಒಬ್ಬ ದೂರ. ಹಿಂದೆ ಕಾಯುವವರು ಯಾವಾಗಲೂ ದೂರದವನ ಕಡೆಗೇ ವಾಲಬೇಕು. ಹತ್ತಿರದವನಿಗೆ ಪಾಸ್ ಹೋದರೆ ಐದು ಗಜ ಹೋಯ್ತು, ಓಡಿ ಬಂದು ಪಟ್ಟಿ ಕೀಳಬಹುದು. ದೂರದವನಿಗೆ ಹೋದರೆ ಆರು ಪಾಯಿಂಟೇ ಹೋಯ್ತು. "ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ" ಅನ್ನೋ ಗಾದೆ ಕೇಳಿದ್ದೀರಲ್ಲ? ಬಾಗಿಲು ಮೊದಲು ಹಾಕಿ.

ಎರಡು: ಕಣ್ಣು ಕ್ವಾರ್ಟರ್‌ಬ್ಯಾಕ್ ಮೇಲೆ. ಅವರು ಎರಡು ಹೆಜ್ಜೆ ಹಿಂದಿಟ್ಟು ಕೈ ಎತ್ತಿದರೆ ಹತ್ತಿರದ ಪಾಸ್. ಇನ್ನೂ ಹಿಂದೆ ಹಿಂದೆ ಹೋಗ್ತಾ ಇದ್ದರೆ ದೂರದ್ದು ಬರ್ತಾ ಇದೆ ಅಂತ ಅರ್ಥ. ಆದರೆ ಎಚ್ಚರ. ಜಾಣ ಕ್ವಾರ್ಟರ್‌ಬ್ಯಾಕ್ ಬಲಕ್ಕೆ ನೋಡಿ ಎಡಕ್ಕೆ ಎಸೀತಾರೆ. ಕಣ್ಣು ಸುಳ್ಳು ಹೇಳಬಹುದು, ಭುಜ ಸುಳ್ಳು ಹೇಳೋದು ಕಷ್ಟ.

ಮೂರು: ಖಾಲಿ ಹುಲ್ಲು ಕಾಯಬೇಡಿ. ನಿಮ್ಮ ಜಾಗದಲ್ಲಿ ಯಾರೂ ಇಲ್ಲವಾ? ಸುಮ್ಮನೆ ಕಂಬದ ಹಾಗೆ ನಿಲ್ಲಬೇಡಿ. ಪಕ್ಕದವರಿಗೆ ಇಬ್ಬರು ಗಂಟು ಬಿದ್ದಿರಬಹುದು. ನಿಮ್ಮ ಜಾಗದ ಅಂಚಿನವರೆಗೂ ಸರಿದು ಸಹಾಯಕ್ಕೆ ನಿಲ್ಲಿ. ಜಾಗ ನಿಮ್ಮದು ಅಂದರೆ ಅದರ ಪ್ರತಿ ಹುಲ್ಲುಕಡ್ಡಿಯೂ ಮುಖ್ಯ ಅಂತ ಅಲ್ಲ. ಅಲ್ಲಿಗೆ ಬರುವ ಅಪಾಯ ಮುಖ್ಯ.

ನಾಲ್ಕು: ಬಾಯಿ ಬಿಡಿ. ನಿಮ್ಮ ಜಾಗದಿಂದ ಒಬ್ಬ ಪಕ್ಕದ ಜಾಗಕ್ಕೆ ದಾಟಿದರೆ ಪಕ್ಕದವರಿಗೆ ಕೂಗಿ ಹೇಳಲೇಬೇಕು. ಅಂಗಡಿಯಲ್ಲಿ ಕೈಯಿಂದ ಕೈಗೆ ಹಣ ಕೊಟ್ಟ ಹಾಗೆ ಇದು. ಅವರು ತಗೊಂಡರು ಅಂತ ಗೊತ್ತಾಗುವವರೆಗೂ ನೀವು ಬಿಡಬಾರದು.

ಚೆಂಡು ಕೈಬಿಟ್ಟ ಮೇಲೆ ಜೋನೂ ಇಲ್ಲ, ಪಾಲೂ ಇಲ್ಲ. ನಾಲ್ವರೂ ಚೆಂಡಿನ ಕಡೆಗೇ ಓಡಿ.

ಎದುರು ತಂಡದ ಉಪಾಯಗಳು

ಜೋನ್‌ನಲ್ಲಿ ತೂತು ಇರೋದು ಜಾಗ ಮತ್ತು ಜಾಗದ ನಡುವೆ. ಎದುರಿನವರಿಗೂ ಇದು ಗೊತ್ತು. ಅವರು ಮೂರು ಮುಖ್ಯ ಉಪಾಯ ಮಾಡ್ತಾರೆ.

ಮೇಲೆ-ಕೆಳಗೆ: ಒಬ್ಬ ಹತ್ತಿರ ನಿಲ್ತಾನೆ, ಇನ್ನೊಬ್ಬ ಅವನ ಹಿಂದೆ ದೂರಕ್ಕೆ ಹೋಗ್ತಾನೆ. ಒಬ್ಬ ಕಾವಲುಗಾರನಿಗೆ ಇಬ್ಬರು. ಕ್ವಾರ್ಟರ್‌ಬ್ಯಾಕ್ ಕಾಯ್ತಾರೆ. ನೀವು ಮುಂದೆ ಬಂದರೆ ಹಿಂದೆ ಎಸೀತಾರೆ, ಹಿಂದೆ ನಿಂತರೆ ಮುಂದೆ. ಉತ್ತರ ನಮ್ಮ ಮೊದಲ ಸೂತ್ರ. ಹಿಂದಿನವರು ಹಿಂದೆಯೇ ಇರಬೇಕು, ಮುಂದಿನವರು ಹತ್ತಿರದವನನ್ನು ತಗೋಬೇಕು.

ಪ್ರವಾಹ: ಮೂವರು ಒಂದೇ ಪಕ್ಕಕ್ಕೆ ಹೋಗ್ತಾರೆ, ಒಬ್ಬ ಹತ್ತಿರ, ಒಬ್ಬ ಮಧ್ಯ, ಒಬ್ಬ ದೂರ. ಆ ಪಕ್ಕದಲ್ಲಿ ಕಾಯುವವರು ಇಬ್ಬರೇ. ಇದಕ್ಕೆ ಉತ್ತರ ಮೂರನೇ ಸೂತ್ರ. ಇನ್ನೊಂದು ಪಕ್ಕದಲ್ಲಿ ಖಾಲಿ ಇರುವವರು ಮಧ್ಯಕ್ಕೆ ಸರಿಯಬೇಕು.

ಹಿಂದಿನ ನಡುತೂತು: ಹಿಂದೆ ಇಬ್ಬರು ಕಾಯುವಾಗ ಅವರಿಬ್ಬರ ಮಧ್ಯಕ್ಕೆ ಒಬ್ಬ 8ನೇ ದಾರಿಯಲ್ಲಿ ಬರ್ತಾನೆ. ಇಬ್ಬರೂ "ಅವನು ನಿನ್ನವನು" ಅಂತ ಬಿಟ್ಟುಬಿಡ್ತಾರೆ.

ದೊಡ್ಡ ಆಟದಲ್ಲಿ ಈ ನಡುತೂತಿಗೆ ಒಂದು ಹೆಸರುವಾಸಿ ಮದ್ದು ಇದೆ. ಕವರ್ 2ರಲ್ಲಿ ಮುಂದೆ ಮಧ್ಯದಲ್ಲಿ ನಿಲ್ಲುವ ಆಟಗಾರ, ಪಾಸ್ ಬರುತ್ತೆ ಅಂತ ಗೊತ್ತಾದ ಕೂಡಲೇ ಹಿಂದಕ್ಕೆ ಓಡಿ ಆ ತೂತನ್ನು ಮುಚ್ತಾನೆ. ಟೋನಿ ಡಂಜಿ ಮತ್ತು ಮಾಂಟಿ ಕಿಫಿನ್ ಎಂಬ ಕೋಚ್‌ಗಳು ಟ್ಯಾಂಪಾ ಬೇ ತಂಡದಲ್ಲಿ ಇದನ್ನು ಹೆಸರಾಗುವಂತೆ ಆಡಿಸಿದ್ದರಿಂದ "ಟ್ಯಾಂಪಾ 2" ಅಂತಲೇ ಕರೀತಾರೆ. 2003ರ ಜನವರಿ 26ರಂದು ಸೂಪರ್ ಬೌಲ್‌ನಲ್ಲಿ ಆ ತಂಡ ಓಕ್‌ಲೆಂಡ್ ತಂಡವನ್ನು 48-21ರಿಂದ ಸೋಲಿಸಿತು. ಎದುರಾಳಿಯ ಐದು ಪಾಸ್‌ಗಳನ್ನು ನಡುವೆಯೇ ಹಿಡಿದರು, ಅದರಲ್ಲಿ ಮೂರನ್ನು ಹಿಡಿದವರೇ ಓಡಿ ಪಾಯಿಂಟ್ ಮಾಡಿದರು. ಟ್ಯಾಂಪಾ ಬೇಯ ಅಂದಿನ ಮುಖ್ಯ ಕೋಚ್ ಜಾನ್ ಗ್ರೂಡನ್ ಅದರ ಹಿಂದಿನ ಸೀಸನ್‌ನಲ್ಲಿ ಓಕ್‌ಲೆಂಡ್‌ನ ಕೋಚ್ ಆಗಿದ್ದವರು. ಎದುರಿನವರು ಯಾವ ದಾರಿಯಲ್ಲಿ ಓಡ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ದಾರಿಗಳ ನಂಬರ್ ಕಲಿಯಿರಿ ಅಂತ ನಾನು ಹೇಳಿದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಊಟದ ಮೇಜಿಗೆ ಬನ್ನಿ. ಹುಣಸೆ ಬೀಜ, ನಾಣ್ಯ ಇಟ್ಟು ಆ ಕೊನೆಯ ಪಾಸನ್ನು ನಿಧಾನವಾಗಿ ಆಡಿಸಿದೆವು. ಕೈ ಎತ್ತಿ ಕೂಗಿದ ಹುಡುಗ ಓಡಿದ್ದು 4, ಕರ್ಲ್. ಅವನೇ ಬೇಲಿಯ ಮೇಲೆ ಕೂತ ಮಂಗ. ಉದ್ದನೆಯ ಹುಡುಗ ಎಡಗಡೆಯಿಂದ ಹೊರಟು ಓಡಿದ್ದು 8, ಪೋಸ್ಟ್. ಎಡಗಡೆ ಹಿಂದೆ ಕಾಯ್ತಾ ಇದ್ದ ಹುಡುಗ ಅವನನ್ನು ನೋಡಿದ್ದ, ತನ್ನ ಜಾಗದಿಂದ ಹೊರಗೆ ಹೋದ ಅಂತ ಬಿಟ್ಟ. ಆದರೆ ಕೂಗಿ ಹೇಳಲಿಲ್ಲ. ಮುಂದೆ ಬಲಗಡೆ ಇದ್ದವಳ ಜಾಗದಲ್ಲಿ ಕರ್ಲ್ ಹುಡುಗ ನಿಂತಿದ್ದ, ಅವಳು ಬೇರೆ ಕಡೆ ನೋಡ್ತಾ ಇದ್ದಳು. ಮಗಳು ಖಾಲಿ ಜಾಗ ನೋಡಿ ಮುಂದೆ ಬಂದಳು.

ಮಗಳು ಬೀಜಗಳನ್ನೇ ನೋಡ್ತಾ ಇದ್ದು, "ಹಾಗಾದ್ರೆ ನನ್ನ ತಪ್ಪು ಇಲ್ವಾ?" ಅಂದಳು. ನಾನು ಇಲ್ಲ ಅನ್ನಲಿಲ್ಲ. "ನಿನ್ನದೂ ಇದೆ. ನೀನು ಮುಂದೆ ಬರಬಾರದಿತ್ತು. ಆದರೆ ಮೂರು ಕಡೆ ಬಾಗಿಲು ತೆರೆದಿತ್ತು, ನಿನ್ನದು ಕೊನೆಯದು. ಕೊನೆಯ ಬಾಗಿಲೇ ಎಲ್ಲರಿಗೂ ಕಾಣೋದು." ಅವಳು ಒಂದು ಬೀಜವನ್ನು ಹಿಂದಕ್ಕೆ ಸರಿಸಿ, "ಇನ್ನೊಂದ್ಸಲ ಆಡಿಸು" ಅಂದಳು.

ಪೋಷಕರೇ, ಇಲ್ಲಿ ನಿಮಗೊಂದು ಮಾತು. ಮೈದಾನದ ಹೊರಗೆ ನಿಂತು "ಅಯ್ಯೋ, ಹಿಡಿಯೋದಲ್ವಾ!" ಅಂತ ಕೂಗೋದು ಸುಲಭ. ನಾನೂ ಕೂಗಿದ್ದೆ. ನಮಗೆ ಕಾಣೋದು ಕೊನೆಯ ಮಗು ಮಾತ್ರ.

ಇದು ನಮಗೆ ಹೊಸದೇನಲ್ಲ

ಆಡು-ಹುಲಿ ಆಟ ಗೊತ್ತಾ? ಅಜ್ಜ-ಅಜ್ಜಿಯರನ್ನು ಕೇಳಿ. ಮೂರು ಹುಲಿ, ಹದಿನೈದು ಆಡು. ಆಡಿನ ಪಕ್ಕದ ಮನೆ ಖಾಲಿ ಇದ್ದರೆ ಹುಲಿ ಆಡಿನ ಮೇಲಿಂದ ಹಾರಿ ಅದನ್ನು ತಿನ್ನುತ್ತೆ. ಆಡುಗಳಿಗೆ ಹುಲಿಯನ್ನು ಹೊಡೆಯುವ ಶಕ್ತಿ ಇಲ್ಲ, ಅಟ್ಟಿಸಿಕೊಂಡು ಹೋಗುವ ಹಾಗೂ ಇಲ್ಲ. ಅವು ಗೆಲ್ಲೋದು ಒಂದೇ ಥರ: ಒಂದರ ಹಿಂದೆ ಒಂದು ಜಾಗ ಹಿಡಿದು, ಖಾಲಿ ಮನೆ ಬಿಡದೆ, ಹುಲಿಗೆ ಹಾರಲು ದಾರಿ ಇಲ್ಲದ ಹಾಗೆ ಮಾಡೋದು. ಒಂದು ಆಡು ಆಸೆಪಟ್ಟು ತನ್ನ ಮನೆ ಬಿಟ್ಟರೆ ಸಾಯೋದು ಅದಲ್ಲ, ಅದರ ಪಕ್ಕದ ಆಡು. ಇದಕ್ಕಿಂತ ಚೆನ್ನಾಗಿ ಜೋನ್ ಕಲಿಸುವ ಆಟ ನಾನು ಕಂಡಿಲ್ಲ. ವಾಯ್ಡ್ ಡೆಕ್‌ನ ಕಲ್ಲಿನ ಮೇಜಿನ ಮೇಲೆ ಒಂದು ಕಾಗದ ಹಾಕಿ ಆಡಿ ನೋಡಿ.

ಕಬಡ್ಡಿಯಲ್ಲಿ ಏಳು ಜನ ಕಾಯ್ತಾರೆ. ಅಲ್ಲೂ ಕಾರ್ನರ್, ಕವರ್ ಅಂತಲೇ ಜಾಗಗಳ ಹೆಸರು. ಒಬ್ಬ ಆತುರಪಟ್ಟು ಹಾರಿದರೆ ಸರಪಳಿ ಕಡಿದು, ದಾಳಿಗೆ ಬಂದವನು ಆ ಸಂದಿಯಲ್ಲೇ ಪಾರಾಗ್ತಾನೆ.

ಕ್ರಿಕೆಟ್‌ನ ಫೀಲ್ಡಿಂಗ್ ಪೂರ್ತಿ ಜಾಗ ಕಾಯುವ ಕೆಲಸವೇ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರಲ್ಲ, ಆ ಹತ್ತನೆಯದು ವಾಸಿಂ ಅಕ್ರಂ ಅವರ ಕ್ಯಾಚ್. ಹಿಡಿದವರು ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ವಿವಿಎಸ್ ಲಕ್ಷ್ಮಣ್. ಚೆಂಡು ಅಲ್ಲಿಗೆ ಬರಬಹುದು ಅಂತ ಅಲ್ಲಿ ಒಬ್ಬರನ್ನು ನಿಲ್ಲಿಸಿದ್ದರು, ಅವರು ಅಲ್ಲಿ ಇದ್ದರು.

ಕನ್ನಡ ಮೈದಾನಕ್ಕೆ ಇಳಿದದ್ದು

ನಾಲ್ಕನೇ ಸೂತ್ರ "ಬಾಯಿ ಬಿಡಿ" ಅಂತ ಹೇಳಿದೆ. ಆದರೆ ಏನಂತ ಕೂಗೋದು? ಇಂಗ್ಲಿಷ್‌ನಲ್ಲಿ ಕೂಗಿದರೆ ಎದುರಿನವರಿಗೂ ಗೊತ್ತಾಗುತ್ತೆ. ಮಗಳ ತಂಡದಲ್ಲಿ ನಮ್ಮ ಕನ್ನಡ ತರಗತಿಯ ಮಕ್ಕಳು ಮೂವರು ಇದ್ದಾರೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುವ ಇದೇ ಮಕ್ಕಳು ತಾವೇ ಒಂದು ಪಟ್ಟಿ ಮಾಡಿದರು:

ಒಳಗೆ! – ನನ್ನ ಜಾಗದಿಂದ ಒಬ್ಬ ಮಧ್ಯದ ಕಡೆ ಹೋಗ್ತಾ ಇದ್ದಾನೆ.
ಹೊರಗೆ! – ಒಬ್ಬ ಅಂಚಿನ ಕಡೆ ಹೋಗ್ತಾ ಇದ್ದಾನೆ.
ಹಿಂದೆ! – ನಿನ್ನ ಬೆನ್ನ ಹಿಂದೆ ಒಬ್ಬ ಇದ್ದಾನೆ, ಮುಂದೆ ಬರಬೇಡ.
ನಂದು! – ನಾನು ತಗೊಂಡೆ, ನೀನು ಬಿಡಬಹುದು.
ಚೆಂಡು! – ಎಸೆದಾಯ್ತು, ಎಲ್ಲರೂ ಓಡಿ.

ತಂಡದಲ್ಲಿರುವ ಚೀನೀ ಹುಡುಗ ಮತ್ತು ಮಲಯ್ ಹುಡುಗಿ ಒಂದೇ ವಾರದಲ್ಲಿ ಕಲಿತರು. "ನಂದು" ಅನ್ನೋದನ್ನು ಆ ಹುಡುಗ ಎಷ್ಟು ಗಟ್ಟಿಯಾಗಿ ಕೂಗ್ತಾನೆ ಅಂದರೆ ಪಕ್ಕದ ಬ್ಲಾಕ್‌ಗೂ ಕೇಳುತ್ತೆ.

ಇಲ್ಲಿ ಒಂದು ವ್ಯಾಕರಣದ ಸಂಗತಿಯೂ ಇದೆ. "ಒಳಗೆ" ಅಂದರೆ ಒಳಕ್ಕೆ ಹೋಗ್ತಾ ಇದ್ದಾನೆ, "ಒಳಗಿಂದ" ಅಂದರೆ ಒಳಗಿನಿಂದ ಬರ್ತಾ ಇದ್ದಾನೆ. ಪದದ ಬಾಲ ಬದಲಾದರೆ ಓಟದ ದಿಕ್ಕೇ ಬದಲು! ತರಗತಿಯಲ್ಲಿ ವಿಭಕ್ತಿ ಪ್ರತ್ಯಯ ಅಂದಾಗ ಆಕಳಿಸುವ ಮಕ್ಕಳು, ಮೈದಾನದಲ್ಲಿ "ಹೊರಗಿಂದ!" ಅಂತ ತಪ್ಪಿಲ್ಲದೆ ಕೂಗೋದನ್ನು ನಾನು ಕೇಳಿದ್ದೀನಿ. "ನಂದು" ಮಾತಿನ ರೂಪ, ಬರೆಯುವಾಗ "ನನ್ನದು" ಅಂತ ಬರೀಬೇಕು. ಕೂಗುವಾಗ ಚಿಕ್ಕದೇ ಒಳ್ಳೇದು.

ಆಮೇಲೆ?

ಮೂರು ವಾರ ಆದ ಮೇಲೆ ಅದೇ ತಂಡದ ಜೊತೆ ಮತ್ತೆ ಆಟ. ಮಗಳು ಹೋದಳು. ಮಧ್ಯದಲ್ಲಿ ಗುಡುಗು ಬಂದು ಎಲ್ಲರೂ ಬ್ಲಾಕ್ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದೆವು. ಮಿಂಚು ಬರುವಾಗ ಬಯಲಿನಲ್ಲಿ ಇರಬಾರದು, ಇದು ಎಲ್ಲ ಸೂತ್ರಕ್ಕಿಂತ ದೊಡ್ಡದು. ಮಳೆ ನಿಂತ ಮೇಲೆ ಅದೇ ಉಪಾಯ ಬಂತು. ಅದೇ ಹುಡುಗ ಐದು ಹೆಜ್ಜೆ ಓಡಿ, ತಿರುಗಿ, ಕೈ ಎತ್ತಿ ಕೂಗಿದ. ಎಡಗಡೆಯಿಂದ "ಒಳಗೆ!" ಅಂತ ಕೂಗು. ಮಗಳು "ನಂದು!" ಅಂದಳು. ಮುಂದೆ ಬರಲಿಲ್ಲ. ಎರಡು ಹೆಜ್ಜೆ ಹಿಂದಕ್ಕೇ ಸರಿದಳು.

ಕ್ವಾರ್ಟರ್‌ಬ್ಯಾಕ್ ದೂರಕ್ಕೆ ನೋಡಿ, ಎಸೆಯದೆ, ಹತ್ತಿರದವನಿಗೇ ಕೊಟ್ಟ. ಐದು ಗಜ. ಮುಂದಿನ ಹುಡುಗಿ ಪಟ್ಟಿ ಕಿತ್ತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ನೋಡುವವರ ಕಣ್ಣಿಗೆ ಅಲ್ಲಿ ಏನೂ ನಡೆಯಲೇ ಇಲ್ಲ. ನಾನು ಮಾತ್ರ ಒಬ್ಬನೇ ಕೈ ತಟ್ಟಿದೆ, ಪಕ್ಕದವರು ವಿಚಿತ್ರವಾಗಿ ನೋಡಿದರು.

ಆ ದಿನವೂ ಸೋತರು, ಒಂದು ಪಾಯಿಂಟ್‌ನಿಂದ. ಮನೆಗೆ ಬರುವಾಗ ಕಬ್ಬಿನ ಹಾಲು ಪೂರ್ತಿ ಖಾಲಿಯಾಯ್ತು.

ಅಭ್ಯಾಸ

1. ಹನ್ನೆರಡೂವರೆ ಗಜ ಅಂದರೆ ಎಷ್ಟು ಅಡಿ? ಹಿಂದೆ ಇಬ್ಬರ ಬದಲು ಮೂವರು ಕಾದರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಅಡಿ ಅಗಲ? ಆಗ ಮುಂದೆ ಕಾಯಲು ಎಷ್ಟು ಜನ ಉಳೀತಾರೆ?

2. ನೀವು ಹಿಂದೆ ಎಡಗಡೆ ಕಾಯ್ತಾ ಇದ್ದೀರಿ. ಒಬ್ಬ 5ನೇ ದಾರಿಯಲ್ಲಿ ಅಂಚಿಗೆ ಹೋದ. ಇನ್ನೊಬ್ಬ 9ನೇ ದಾರಿಯಲ್ಲಿ ನಿಮ್ಮ ಕಡೆಗೇ ಬರ್ತಾ ಇದ್ದಾನೆ. ಯಾರ ಕಡೆ ವಾಲಬೇಕು? ಯಾವ ಸೂತ್ರ?

3. ಒಳಗೆ, ಒಳಗಿಂದ, ಹೊರಗೆ, ಹೊರಗಿಂದ: ಈ ನಾಲ್ಕು ಪದಗಳನ್ನು ಬಳಸಿ ಆಟದ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ.

4. ಮನೆಯಲ್ಲಿ ಹಾಳೆಯ ಮೇಲೆ ಮೈದಾನ ಬರೆದು ನಾಲ್ಕು ಹುಣಸೆ ಬೀಜ, ನಾಲ್ಕು ನಾಣ್ಯ ಇಡಿ. ನಾಣ್ಯಗಳನ್ನು ಅಪ್ಪ ಅಥವಾ ಅಮ್ಮ ಓಡಿಸಲಿ, ಬೀಜಗಳನ್ನು ನೀವು. ಪ್ರತಿ ಸಲ ಬೀಜ ಸರಿಸುವ ಮೊದಲು ಕನ್ನಡದಲ್ಲಿ ಕೂಗಬೇಕು. ಅಪ್ಪ-ಅಮ್ಮ ಇಂಗ್ಲಿಷ್‌ನಲ್ಲಿ ಮಾತಾಡಿದರೆ ಅವರಿಗೆ ಐದು ಗಜ ದಂಡ.

ಒಂದನೆಯ ಮತ್ತು ಎರಡನೆಯ ಪ್ರಶ್ನೆಯ ಉತ್ತರ ತಲೆಕೆಳಗಾಗಿ ಅಚ್ಚು ಹಾಕೋಕೆ ನನಗೆ ಬರಲ್ಲ, ಅದಕ್ಕೆ ನೇರವಾಗೇ ಕೊಡ್ತೀನಿ, ಮೊದಲೇ ನೋಡಬೇಡಿ: 37.5 ಅಡಿ, 25 ಅಡಿ, ಒಬ್ಬರೇ. ಎರಡನೆಯದಕ್ಕೆ 9ನೇ ದಾರಿಯವನು, ಒಂದನೇ ಸೂತ್ರ. ಮೂರನೆಯದರ ವಾಕ್ಯಗಳನ್ನು ಬರೆದು ಮುಂದಿನ ತರಗತಿಗೆ ತನ್ನಿ.